ಪರ್ವತದ ದಾರಿ

ರಾಯಚೂರು ಸೀಮೆಯಲ್ಲಿ ‘ಪರ್ವತ’ ಎಂದರೆ ಒಂದೇ. ಯಾವ ಪರ್ವತ ಎಂದು ಯಾರೂ ಕೇಳುವುದಿಲ್ಲ. ಶಿವರಾತ್ರಿ ಮುಗಿದು ಹೋಳಿ ಹುಣ್ಣಿಮೆ ಹತ್ತಿರವಾದಂತೆ ದೇವದುರ್ಗದ ಗುಡಿಕಟ್ಟೆಗಳಲ್ಲಿ, ಮಾನ್ವಿಯ ಸಂತೆಯಲ್ಲಿ, “ಈ ಸಲ ಪರ್ವತಕ್ಕ ಹೊಂಟೀರೇನು?” ಎಂಬ ಮಾತು ಕಿವಿಗೆ ಬೀಳುತ್ತದೆ. ಯುಗಾದಿಗೆ ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೊರಡುವಿರಾ ಎಂದು ಅದರ ಅರ್ಥ. ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಎರೆಹೊಲ, ಅಲ್ಲಲ್ಲಿ ಬೋಳು ಕಲ್ಲುಗುಡ್ಡ. ಇಂಥ ಬಯಲುನಾಡಿನ ಜನಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರವಿರುವ ನಲ್ಲಮಲದ ಬೆಟ್ಟ ಹಿತ್ತಲ ಗುಡ್ಡದಷ್ಟು ಹತ್ತಿರ. ಹೆಸರುಗಳನ್ನೇ ನೋಡಿರಿ: ಪರ್ವತಪ್ಪ, ಪರ್ವತಮ್ಮ, ಪರ್ವತಗೌಡ, ಪರ್ವತರೆಡ್ಡಿ, ಮಲ್ಲಯ್ಯ, ಮಲ್ಲಪ್ಪ, ಮಲ್ಲಮ್ಮ, ಶ್ರೀಶೈಲಪ್ಪ. ನಮ್ಮ ಕಡೆಯ ಯಾವುದಾದರೂ ಒಂದು ಹಳ್ಳಿಯ ಮತದಾರರ ಪಟ್ಟಿ ಹಿಡಿದು ಕುಳಿತರೆ ಮೊದಲ ಪುಟದಲ್ಲಿಯೇ ಆ ಬೆಟ್ಟ ಎದುರಾಗುತ್ತದೆ.

ಈ ಹೆಸರು ನಮ್ಮದು ಮಾತ್ರವಲ್ಲ, ಹೊಸದೂ ಅಲ್ಲ. 1794ರಲ್ಲಿ ಕಾಲಿನ್ ಮೆಕೆಂಝಿ ಎಂಬ ಇಂಗ್ಲಿಷ್ ಕಂಪನಿಯ ಮೋಜಣಿ ಅಧಿಕಾರಿ ಶ್ರೀಶೈಲಕ್ಕೆ ಹೋಗಿ, ಕಂಡದ್ದನ್ನು ಒಂದು ಲೇಖನವಾಗಿ ಬರೆದ. ಆ ಲೇಖನದಲ್ಲಿ ಅವನು ಕ್ಷೇತ್ರವನ್ನು ಕರೆದದ್ದು ಶ್ರೀಶೈಲವೆಂದಲ್ಲ, ‘ಪರ್ವುಟ್ಟಂ’ ಎಂದು. ದಾರಿಯಲ್ಲಿ ಜನ ‘ಪರ್ವತ, ಪರ್ವತ’ ಎಂದದ್ದು ಅವನ ಕಿವಿಗೆ ಹಾಗೆ ಬಿದ್ದಿತ್ತು.

ಶ್ರೀಶೈಲದ ಮಹಾತ್ಮೆಯನ್ನು ಬಲ್ಲವರು ಬರೆದಿದ್ದಾರೆ; ಇನ್ನೂ ಬರೆಯುತ್ತಾರೆ. ನಾನು ಹೇಳಹೊರಟಿರುವುದು ಅಲ್ಲಿಗೆ ಹೋಗುವ ದಾರಿಯ ಸಂಗತಿ. ದಾರಿಗೂ ಒಂದು ಚರಿತ್ರೆಯಿದೆ. ನಮ್ಮ ಸೀಮೆಯ ಮಟ್ಟಿಗೆ ಅದು ಕೋಟೆಗಳ ಚರಿತ್ರೆಗಿಂತ ಹೆಚ್ಚು ನಮ್ಮದು ಎಂಬುದು ನನ್ನ ನಂಬಿಕೆ.

ಶಾಲೆಯಲ್ಲಿ ನಾವು ಓದಿದ ರಾಯಚೂರಿನ ಇತಿಹಾಸ ಎಂಥದು? ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ನಾಡನ್ನು ಹಿಂದೆ ಎಡೆದೊರೆ ಎನ್ನುತ್ತಿದ್ದರು. ಬಹಮನಿಯವರು ಕೃಷ್ಣೆ ದಾಟಿ ದಕ್ಷಿಣಕ್ಕೆ ಬಂದರು; ವಿಜಯನಗರದವರು ತುಂಗಭದ್ರೆ ದಾಟಿ ಉತ್ತರಕ್ಕೆ ಬಂದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಸೈನ್ಯಗಳೆಲ್ಲ ಉತ್ತರ ದಕ್ಷಿಣವಾಗಿ, ಹೊಳೆಯನ್ನು ಅಡ್ಡ ಹಾಯ್ದು ಬಂದವು, ಹೋದವು. ಎಡೆದೊರೆ ಎಂದರೆ ಎರಡು ಕಡೆಯವರು ಎಳೆದಾಡಿದ ನೆಲ ಎಂಬಷ್ಟಕ್ಕೆ ಪಾಠ ಮುಗಿಯುತ್ತಿತ್ತು.

ಪರ್ವತದ ದಾರಿ ಹಾಗಲ್ಲ. ಅದು ಪಡುವಣದಿಂದ ಮೂಡಣಕ್ಕೆ, ಹೊಳೆಗಳ ಜೊತೆಯಲ್ಲಿಯೇ ಸಾಗುತ್ತದೆ. ಭೂಪಟ ತೆಗೆದು ನೋಡಿದರೆ ಎಡೆದೊರೆ ಒಂದು ಬೆಣೆಯ ಆಕಾರದಲ್ಲಿದೆ. ಬೆಣೆಯ ಅಗಲದ ಕಡೆ, ಮೇಲೆ ಕೃಷ್ಣೆಯ ಮಗ್ಗುಲಿಗೆ ದೇವದುರ್ಗ; ಕೆಳಗೆ ತುಂಗಭದ್ರೆಯ ಮಗ್ಗುಲಿಗೆ ಮಾನ್ವಿ; ಮುಂದೆ ನಡುವೆ ರಾಯಚೂರು. ಅಲ್ಲಿಂದ ಎರಡೂ ಹೊಳೆಗಳು ಹತ್ತಿರವಾಗುತ್ತ ಹೋಗಿ ಆಲಂಪುರದ ಆಚೆ ಕೂಡುತ್ತವೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಮಲ್ಲಯ್ಯನ ಕಂಬಿ ಹೊತ್ತು ಬರುವವರಲ್ಲಿ ಅನೇಕರು ತಿಂಥಣಿಯ ಹತ್ತಿರ ಕೃಷ್ಣೆಯನ್ನು ದಾಟಿ ದೇವದುರ್ಗ, ಗಬ್ಬೂರು ಹಿಡಿದು ರಾಯಚೂರಿಗೆ ಬರುತ್ತಾರೆ. ಲಿಂಗಸುಗೂರು, ಕವಿತಾಳ, ಸಿರವಾರದ ಕಡೆಯಿಂದ ಇನ್ನೊಂದು ಸಾಲು ಬರುತ್ತದೆ. ರಾಯಚೂರಿನಿಂದ ಐಜ, ಆಲಂಪುರ. ಅಲ್ಲಿ ತುಂಗಭದ್ರೆ ದಾಟಿದರೆ ಕರ್ನೂಲು. ಮುಂದೆ ನಂದಿಕೊಟ್ಕೂರು, ಆತ್ಮಕೂರು, ವೆಂಕಟಾಪುರ. ಅಲ್ಲಿಗೆ ಬಯಲು ಮುಗಿದು ಅಡವಿ ಶುರು. ರಾಯಚೂರಿನಿಂದ ಲೆಕ್ಕ ಹಾಕಿದರೆ ಗಟ್ಟಿ ಕಾಲಿನವರಿಗೆ ಏಳೆಂಟು ದಿನದ ನಡಿಗೆ.

ಈ ದಾರಿಯಲ್ಲಿ ಯಾರೆಲ್ಲ ನಡೆದರು? ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದಳೆಂಬುದನ್ನು ನಾವೆಲ್ಲ ಬಲ್ಲೆವು. ಅವಳು ತುಳಿದ ಹಾದಿ ಯಾವುದೆಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ಪಂಡಿತಾರಾಧ್ಯ ಚರಿತ್ರದ ಪರ್ವತ ಪ್ರಕರಣದಲ್ಲಿ ಯಾತ್ರಿಕರ ಸಾಲನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಅದೇ ಸೋಮನಾಥನ ಬಸವಪುರಾಣ 1369ರಲ್ಲಿ ಭೀಮಕವಿಯ ಕೈಯಲ್ಲಿ ಕನ್ನಡವಾಯಿತು. ಕಾವ್ಯವೊಂದು ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದು ಬರಬೇಕಾದರೆ ಮೊದಲು ಜನ ನಡೆದಿರಬೇಕಷ್ಟೆ.

ಕಲ್ಲುಗಳೂ ಹೀಗೆಯೇ ಅದಲು ಬದಲಾಗಿವೆ. ರಾಯಚೂರಿನ ಕೋಟೆಯಲ್ಲಿ 1294ರ ಒಂದು ಶಾಸನವಿದೆ. ನಲವತ್ತು ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲಿನ ಮೇಲೆ, ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಹೇಳುವ ಬರಹ. ಅದರ ಭಾಷೆ ತೆಲುಗು, ಕಾಲ ಕಾಕತೀಯರದು. ಆದರೆ ಇಂದು ತೆಲುಗು ನೆಲವಾದ ಆಲಂಪುರಕ್ಕೆ ಹೋದರೆ ಅಲ್ಲಿಯ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ನಮ್ಮ ಬಾದಾಮಿಯ ಚಾಲುಕ್ಯರು. ಅಲ್ಲಿ ಕನ್ನಡ ಶಾಸನಗಳಿವೆ. ಶ್ರೀಶೈಲದಲ್ಲಿಯೂ ಕನ್ನಡ ಶಾಸನಗಳಿವೆ. ಹೀಗಿರುವಾಗ, ಇದು ನಿಮ್ಮದು, ಅದು ನಮ್ಮದು ಎಂದು ಕಲ್ಲುಗಳನ್ನು ಸಾಕ್ಷಿಗೆ ಕರೆದರೆ ಅವು ಇಬ್ಬರ ಪರವಾಗಿಯೂ ಸಾಕ್ಷಿ ಹೇಳಿಬಿಡುತ್ತವೆ!

ಬೆಟ್ಟದ ಮೇಲಿನ ಕೆಲಸಕ್ಕೆ ರಾಜರ ಹೆಸರುಗಳಿವೆ. ಕೊಂಡವೀಡಿನ ಪ್ರೋಲಯ ವೇಮಾರೆಡ್ಡಿ 14ನೆಯ ಶತಮಾನದಲ್ಲಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದ. ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಸೋಪಾನ ಮಾಡಿಸಿದಳು. 1677ರಲ್ಲಿ ಶಿವಾಜಿ ಬಂದು ಹೋದ. ಇವೆಲ್ಲ ದಾಖಲೆಗೆ ಬಂದವು. ಆದರೆ ಐಜದ ಬಯಲಿನಲ್ಲಿ ಬೇವಿನ ಗಿಡದ ಕೆಳಗೆ ಅರವಟ್ಟಿಗೆ ಇಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಮೆಟ್ಟಿಲಿಲ್ಲದೆ ಬೆಟ್ಟ ಹತ್ತಬಹುದು. ನೀರಿಲ್ಲದೆ ಚೈತ್ರದ ಬಿಸಿಲಲ್ಲಿ ಈ ಬಯಲನ್ನು ದಾಟಲಾಗದು.

ಇನ್ನು ನಮ್ಮ ಆಯಿಯ ಕಾಲಕ್ಕೆ ಬರುತ್ತೇನೆ. ನನ್ನ ತಂದೆಯ ತಾಯಿ ದೇವದುರ್ಗ ತಾಲ್ಲೂಕಿನವಳು. ಓದು ಬರಹ ಇಲ್ಲ. ಆದರೆ ಅವಳು ಹೇಳುತ್ತಿದ್ದ ಪರ್ವತದ ದಾರಿಯ ಸಂಗತಿಗಳಲ್ಲಿ ನಿಜಾಮನ ರಾಜ್ಯದ ಅರ್ಧ ಆಡಳಿತ ಚರಿತ್ರೆ ಇತ್ತು. ಆಗ ಆಲಂಪುರದ ತನಕ ನಿಜಾಮನ ಸೀಮೆ. ತುಂಗಭದ್ರೆಯ ಆಚೆ ದಂಡೆಯ ಕರ್ನೂಲು ಇಂಗ್ಲಿಷರದು. 1839ರಲ್ಲಿ ಅಲ್ಲಿಯ ನವಾಬನನ್ನು ಇಳಿಸಿ ಕಂಪನಿಯವರು ಅದನ್ನು ತೆಗೆದುಕೊಂಡಿದ್ದರು. ಈಚೆ ದಂಡೆಯಲ್ಲಿ ಹಾಲಿ ಸಿಕ್ಕಾ, ಆಚೆ ದಂಡೆಯಲ್ಲಿ ಕಲ್ದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಆಯಿ ಈ ಲೆಕ್ಕವನ್ನು ಮಗ್ಗಿಯಂತೆ ಹೇಳುತ್ತಿದ್ದಳು. ಹೊರಡುವ ಮೊದಲೇ ಒಂದಷ್ಟು ಕಲ್ದಾರ ಕೂಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಳ್ಳುವುದು. ಹರಿಗೋಲಿನಲ್ಲಿ ಹೊಳೆ ದಾಟುವುದು. ಬರುವಾಗ ಕರ್ನೂಲಿನ ಪೇಟೆಯಲ್ಲಿ ತಾಮ್ರದ ಕೊಡವನ್ನೋ ತಂಬಿಗೆಯನ್ನೋ ಕೊಂಡಿದ್ದರೆ ಕರೋಡಗಿರಿಯವರು, ಅಂದರೆ ನಿಜಾಮನ ಸುಂಕದವರು, ಕೇಳುತ್ತಾರೆಂದು ಅದರಲ್ಲಿ ವಿಭೂತಿ, ಕುಂಕುಮ ತುಂಬಿಕೊಂಡು “ದೇವರದ್ದಪ್ಪಾ” ಎನ್ನುವುದು.

ಯಾತ್ರಿಕರನ್ನು ಸುಂಕದವರು ಕೇಳುವುದು ಆಯಿಯ ಕಾಲದಲ್ಲಿ ಹುಟ್ಟಿದ್ದಲ್ಲ. 1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಯ್ಯ ಆತ್ಮಕೂರು, ನಾಗಲೂಟಿ, ಪೆದ್ದಚೆರುವಿನ ದಾರಿಯಾಗಿಯೇ ಶ್ರೀಶೈಲಕ್ಕೆ ಹೋದವನು. ಯಾತ್ರಿಕರಿಂದ ಕರ್ನೂಲಿನ ನವಾಬನ ಕಡೆಯವರು ಹಣ ವಸೂಲು ಮಾಡುತ್ತಿದ್ದುದನ್ನು ಅವನು ತನ್ನ ಕಾಶೀಯಾತ್ರಾ ಚರಿತ್ರದಲ್ಲಿ ಬರೆದಿದ್ದಾನೆ. ಅಡವಿಯ ಒಳಗೆ ದಾರಿ ಕಾಯುವವರು ಚೆಂಚರು. ಮಲ್ಲಯ್ಯ ಚೆಂಚರ ಹುಡುಗಿಯನ್ನು ಲಗ್ನವಾದನೆಂದು ಅವರ ಕಥೆ. ಆದ್ದರಿಂದ ಅವರಿಗೂ ಅವನು ಅಳಿಯ.

‘ಅವರಿಗೂ’ ಎಂದೆ. ಏಕೆಂದರೆ ಮಲ್ಲಯ್ಯ ನಮಗೂ ಅಳಿಯನೇ. ಶ್ರೀಶೈಲದ ಭ್ರಮರಾಂಬೆ ಕನ್ನಡದವರ ಮನೆಮಗಳು ಎಂಬುದು ಉತ್ತರ ಕರ್ನಾಟಕದ ಯಾತ್ರಿಕರ ದೃಢ ನಂಬಿಕೆ. ಶಿವರಾತ್ರಿಗೆ ಅಲ್ಲಿ ಆಂಧ್ರದವರ ದಟ್ಟಣೆ. ಯುಗಾದಿಗೆ ಕನ್ನಡಿಗರದು, ಜೊತೆಗೆ ಮಹಾರಾಷ್ಟ್ರದವರದು. ಯುಗಾದಿ ಹೊಸ ವರ್ಷದ ಹಬ್ಬ. ಹಬ್ಬಕ್ಕೆ ಮಗಳಿಗೆ ತವರಿನಿಂದ ಸೀರೆ ಕುಪ್ಪಸ ಹೋಗಬೇಕು, ಅರಿಷಿಣ ಕುಂಕುಮ ಹೋಗಬೇಕು. ಮಗಳಿಗೆ ಬರಲಾಗದಿದ್ದರೆ ತವರಿನವರೇ ಒಯ್ಯಬೇಕು. ಈ ಲೆಕ್ಕದಲ್ಲಿ ನೋಡಿದರೆ ಪಾದಯಾತ್ರೆ ಹರಕೆ ತೀರಿಸುವುದಕ್ಕಿಂತ ಹೆಚ್ಚಾಗಿ ಬೀಗರ ಊರಿಗೆ ಹೋಗಿಬರುವ ವಹಿವಾಟು. ಇನ್ನೊಂದು ಕಡೆಯಿಂದ ಹೇಮರೆಡ್ಡಿ ಮಲ್ಲಮ್ಮ ಶ್ರೀಶೈಲದ ಸೀಮೆಯಲ್ಲಿ ಹುಟ್ಟಿ ಕನ್ನಡ ನಾಡಿಗೆ ಸೊಸೆಯಾಗಿ ಬಂದವಳು ಎನ್ನುತ್ತದೆ ಐತಿಹ್ಯ. ಒಂದು ಹೆಣ್ಣು ಕೊಟ್ಟೆವು, ಒಂದು ಹೆಣ್ಣು ತಂದೆವು. ನಮ್ಮ ಹಳ್ಳಿಗಳಲ್ಲಿ ಎರಡು ಮನೆತನಗಳ ನಂಟು ಹೀಗೆಯೇ ಗಟ್ಟಿಯಾಗುವುದು.

ಇದು ದೇವರ ಮಾತು. ಮನುಷ್ಯರ ಮಾತೂ ಹಾಗೆಯೇ ಇತ್ತು. 1950ರ ಸುಮಾರಿಗೆ ನಮ್ಮ ಅತ್ತಿಯನ್ನು, ಎಂದರೆ ತಂದೆಯ ತಂಗಿಯನ್ನು, ಆಲಂಪುರ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟರು. ಪರ್ವತಕ್ಕೆ ಹೋಗುವಾಗ ಪ್ರತಿವರ್ಷ ಅಂಬಲಿ, ರೊಟ್ಟಿ ಕೊಟ್ಟು ಮಲಗಲು ಪಡಸಾಲೆ ಬಿಡುತ್ತಿದ್ದ ಮನೆ ಅದು. ಪರಿಚಯ ಬೆಳೆದು ಬೀಗತನವಾಯಿತು. ಅಷ್ಟು ದೂರ ಯಾಕೆ ಕೊಡುತ್ತೀರಿ ಎಂದು ಕೇಳಿದವರಿಗೆ ಮುತ್ಯಾ ಹೇಳಿದ್ದು, “ದೂರೆಲ್ಲೈತಿ? ನಮ್ಮ ಜಿಲ್ಲಾದಾಗೇ ಅದ.”

ಮುತ್ಯಾನ ಮಾತು ಆಗ ಸರಿಯಾಗಿಯೇ ಇತ್ತು. ಹೈದರಾಬಾದ ಸಂಸ್ಥಾನದ ಕಾಲದಿಂದಲೂ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದರೂ ಜಿಲ್ಲೆ ಹಾಗೆಯೇ ಉಳಿದಿತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಆಲಂಪುರ, ಗದ್ವಾಲಗಳು ಬೇರೆಯಾಗಿ ಆಂಧ್ರಪ್ರದೇಶದ ಮೆಹಬೂಬನಗರ ಜಿಲ್ಲೆಗೆ ಸೇರಿದವು. ಏಕೀಕರಣ ನಮಗೆ ಸಣ್ಣ ಸಂಗತಿಯಾಗಿರಲಿಲ್ಲ. ಕಚೇರಿಯಲ್ಲಿ, ಶಾಲೆಯಲ್ಲಿ ನಮ್ಮ ಭಾಷೆ ಬಂತು. ಉರ್ದುವಿನಲ್ಲಿ ಅರ್ಜಿ ಬರೆಸಲು ಮುನ್ಶಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತನಿಗೆ ಅದು ಬಿಡುಗಡೆಯೇ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅದೇ ದಿನ ನಮ್ಮ ಅತ್ತಿ ಇದ್ದಲ್ಲಿಯೇ ಇದ್ದು ಪರರಾಜ್ಯದವಳಾದಳು.

ಗಡಿ ಎಂದರೆ ಬೇಲಿಯಲ್ಲ. ಯಾರೂ ಯಾರನ್ನೂ ತಡೆಯಲಿಲ್ಲ. ಗಡಿಯ ಕೆಲಸ ಬೇರೆ ತರಹದ್ದು. ಮೊದಲು ಮಾವ ಕೋರ್ಟಿನ ಕೆಲಸಕ್ಕೆಂದು, ಜಮೀನಿನ ಕಾಗದಕ್ಕೆಂದು ವರ್ಷದಲ್ಲಿ ನಾಲ್ಕು ಸಲ ರಾಯಚೂರಿಗೆ ಬರುತ್ತಿದ್ದ. ಬಂದವನು ದೇವದುರ್ಗಕ್ಕೂ ಬಂದು ಹೋಗುತ್ತಿದ್ದ. ಜೊತೆಗೆ ಕೆಲವೊಮ್ಮೆ ಅತ್ತಿಯೂ ಬರುತ್ತಿದ್ದಳು. ಜಿಲ್ಲಾ ಕಚೇರಿ ಮೆಹಬೂಬನಗರವಾದ ಮೇಲೆ ಅವನ ಕೆಲಸಗಳೆಲ್ಲ ಆ ಕಡೆಗೆ ತಿರುಗಿದವು. ಅವನು ಬೇಕೆಂದು ಬರುವುದನ್ನು ಬಿಡಲಿಲ್ಲ. ಬರುವ ಕೆಲಸ ಇಲ್ಲದಾಯಿತು, ಅಷ್ಟೆ. ಮಕ್ಕಳು ತೆಲುಗು ಶಾಲೆಗೆ ಹೋದರು. ಕಾಗದಗಳು ತೆಲುಗಿನಲ್ಲಿ ಬರತೊಡಗಿದವು. ನಮ್ಮ ಮನೆಯಲ್ಲಿ ಓದಬಲ್ಲವರಿಲ್ಲದೆ ರಾಯಚೂರಿನ ಪೇಟೆಯಲ್ಲಿ ತೆಲುಗು ಬಲ್ಲ ಅಂಗಡಿಯವರನ್ನು ಹುಡುಕಿ ಓದಿಸಿಕೊಂಡು ಬರುತ್ತಿದ್ದೆವು. ಮಗಳು ತಾಯಿಗೆ ಬರೆಸಿದ ಮಾತನ್ನು ಮೂರನೆಯವನ ಬಾಯಿಂದ ಕೇಳುವುದು ಹಿತವಾಗಿರಲಿಲ್ಲ. ಬರುಬರುತ್ತ ಕಾಗದಗಳೂ ಕಡಿಮೆಯಾದವು.

ಉಳಿದದ್ದು ಪರ್ವತದ ದಾರಿ ಒಂದೇ. ಆಯಿ ವರ್ಷ ತಪ್ಪಿಸದೆ ಹೋಗುತ್ತಿದ್ದಳು. ಅವಳ ಗಂಟಿನಲ್ಲಿ ಎರಡು ಸೀರೆ, ಎರಡು ಕುಪ್ಪಸದ ಖಣ, ಎರಡು ಉಡಿಯ ಅಕ್ಕಿ, ಎರಡು ಕೊಬ್ಬರಿ ಬಟ್ಟಲು. ಒಂದು ಭ್ರಮರಾಂಬೆಗೆ, ಒಂದು ಮಗಳಿಗೆ. ಎರಡು ಸೀರೆಗಳ ಬೆಲೆಯಲ್ಲಿ ಅವಳು ವ್ಯತ್ಯಾಸ ಮಾಡುತ್ತಿರಲಿಲ್ಲ. ಊರಿನ ಯಾರೋ ಹೆಂಗಸರು ದೇವಿಗೆ ಹೆಚ್ಚಿನದು ಒಯ್ಯಬೇಕಲ್ಲವೇ ಎಂದರೆ, “ಇಬ್ರೂ ಕೊಟ್ಟ ಮನಿ ಹೆಣಮಕ್ಕಳೇ ಅದಾರ” ಎನ್ನುತ್ತಿದ್ದಳು. ಕೊನೆಯ ಸಲ ಹೋದಾಗ ಅವಳಿಗೆ ಎಪ್ಪತ್ತರ ಮೇಲಾಗಿತ್ತು. ಆಲಂಪುರದವರೆಗೆ ನಡೆದು, ಮಗಳ ಮನೆಯಲ್ಲಿ ಕುಳಿತು, ದೇವಿಯ ಸೀರೆಯನ್ನು ಮುಂದೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿ ತಾನು ಅಲ್ಲಿಯೇ ಉಳಿದಳು. ಮಲ್ಲಯ್ಯ ತಿಳಿದುಕೊಂಡಿರಬೇಕು.

ಆಯಿ ತೀರಿಕೊಂಡ ಮೇಲೆ, 1988ರ ಯುಗಾದಿಗೆ, ನಾನು ಹೋದೆ. ಅತ್ತಿಯ ಊರಿನಿಂದ ಅವಳ ಮಗ ಜೊತೆಯಾದ. ನನ್ನನ್ನು “ಬಾವಾ” ಎಂದು ಕರೆಯುತ್ತಿದ್ದ. ಈ ಒಂದು ಕರೆ ಎರಡು ಭಾಷೆಯಲ್ಲಿಯೂ ಒಂದೇ ಆದದ್ದು ನಮ್ಮ ಪುಣ್ಯ. ಅವನ ಕನ್ನಡ ವಿಚಿತ್ರವಾಗಿತ್ತು. ತಾಯಿಯ ಬಾಯಿಂದ ಮಾತ್ರ ಕಲಿತದ್ದು. ಶಾಲೆ, ಪತ್ರಿಕೆ, ರೇಡಿಯೋ ಯಾವುದೂ ತಾಗದೆ 1950ರ ದೇವದುರ್ಗದ ಕನ್ನಡ ಅವನ ನಾಲಿಗೆಯ ಮೇಲೆ ಹಾಗೆಯೇ ಉಳಿದಿತ್ತು. ನಮ್ಮ ಮನೆಯಲ್ಲಿಯೇ ಬಿದ್ದುಹೋಗಿದ್ದ ಎಷ್ಟೋ ಶಬ್ದಗಳನ್ನು ಅವನಿಂದ ಕೇಳಿದೆ.

ಆತ್ಮಕೂರು ದಾಟಿ, ವೆಂಕಟಾಪುರದಿಂದ ಅಡವಿ ಹೊಕ್ಕು, ನಾಗಲೂಟಿಯ ವೀರಭದ್ರನ ಗುಡಿಯ ಹತ್ತಿರ ರಾತ್ರಿ ತಂಗಿದೆವು. ಬೆಳಗಿನ ನಾಲ್ಕಕ್ಕೆಲ್ಲ ಸಾಲು ಹೊರಟಿತು. ಬಿಸಿಲೇರುವ ಮುನ್ನ ಎಷ್ಟು ದೂರ ಸಾಗುವೆವೋ ಅಷ್ಟೇ ಲಾಭ. ಕತ್ತಲಲ್ಲಿ ಕಂದೀಲು, ಬ್ಯಾಟರಿಗಳ ಬೆಳಕು ಏರುತ್ತ ಹೋಗುವುದು ಕಾಣುತ್ತಿತ್ತು. ಕಾಲಿನ ಕೆಳಗೆ ಹಳೆಯ ಕಲ್ಲುಮೆಟ್ಟಿಲು. ಪ್ರೋಲಯ ವೇಮನದು ಎನ್ನುತ್ತಾರೆ. ನಡುವೆ ಸವೆದು ಹಳ್ಳವಾಗಿತ್ತು. ಆ ಹಳ್ಳದಲ್ಲಿ ಹೆಜ್ಜೆ ಇಟ್ಟರೆ ಸರಿಯಾಗಿ ಕೂಡುತ್ತದೆ. ರಾಜ ಇಡಿಸಿದ್ದು ಚಪ್ಪಟೆ ಕಲ್ಲು. ಅದನ್ನು ಕಾಲಿಗೆ ಹೊಂದುವಂತೆ ಮಾಡಿದವರು ನಡೆದವರು.

ಬೆಳಕು ಹರಿದಾಗ ಸುತ್ತಲೂ ಎಲೆಯುದುರಿದ ಅಡವಿ. ತೇಗ, ಬಿದಿರು, ದಿಂಡಿಗ. ಮುತ್ತುಗದ ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಕೆಂಪು ಎಸಳುಗಳು ದಾರಿಯ ಮೇಲೆ ಬಿದ್ದಿದ್ದವು. ಒಣಗಿದ ಎಲೆಗಳ ಮೇಲೆ ಸಾವಿರಾರು ಪಾದಗಳ ಸರಸರ ಶಬ್ದ, ಅದರ ಮೇಲೆ ಆಗಾಗ ಹೊಮ್ಮುವ ಮಲ್ಲಯ್ಯನ ಉಘೇ. ಬಾಗಲಕೋಟೆ ಕಡೆಯವರೊಬ್ಬರು ಕಂಬಿ ಹೊತ್ತಿದ್ದರು. ಸುಸ್ತಾದಾಗ ಹೆಗಲು ಬದಲಾಗುತ್ತಿತ್ತೇ ಹೊರತು ಕಂಬಿ ನೆಲ ಮುಟ್ಟುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ಕಾಲಿನ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ನಡೆಯುತ್ತಿದ್ದಳು. ಕೂಡಿರಿ ಅಮ್ಮಾ ಎಂದರೆ, “ಕುಂತ್ರ ಏಳಾಕ ಆಗೂದಿಲ್ಲಪಾ” ಎಂದು ಮುಂದೆ ಹೋದಳು.

ಹೊತ್ತು ಏರಿದ ಮೇಲೆ ಪೆದ್ದಚೆರುವು ಮುಟ್ಟಿದೆವು. ಹೆಸರಿನಂತೆಯೇ ದೊಡ್ಡ ಕೆರೆ. ದಂಡೆಯ ಹತ್ತಿರ ಚೆಂಚರ ಗುಡಿಸಲುಗಳು. ಅಲ್ಲಿ ಅನ್ನ ಸಾರು ಬಡಿಸುತ್ತಿದ್ದರು. ನೆರಳು ಸಿಕ್ಕಲ್ಲಿ ಎಲ್ಲರೂ ಮೈಚಾಚಿದರು. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ನಡಿಗೆ. ಭೀಮುನಿ ಕೊಲನು ಎಂಬುದು ಆಳವಾದ ಕಣಿವೆ. ಭೀಮ ಗದೆಯಿಂದ ಹೊಡೆದಲ್ಲಿ ನೀರು ಬಂತೆಂದು ಕಥೆ. ಇಳಿಯುವಾಗ ಮೊಳಕಾಲು ನಡುಗುತ್ತವೆ. ನೀರು ಕುಡಿದು ತಲೆಯೆತ್ತಿದರೆ ಎದುರಿಗೆ ಮತ್ತೆ ನೂರಾರು ಮೆಟ್ಟಿಲು, ನೆತ್ತಿಯಲ್ಲಿ ಕೈಲಾಸದ್ವಾರ.

ಆ ನೀರಿನ ಹತ್ತಿರ ಕಲ್ಲಿನ ಮೇಲೆ ಕುಳಿತಾಗ ಅತ್ತಿಯ ಮಗ ತಾನಾಗಿಯೇ ಮಾತು ತೆಗೆದ. “ಬಾವಾ, ಅವ್ವಗ ನಿಮ್ಮೂರು ಅಂದ್ರ ಯುಗಾದಿ ಮುಂಚಿನ ನಾಕು ದಿನ. ಬಾಗಿಲದಾಗ ಕುಂತು ದಾರಿ ನೋಡತಿದ್ಲು. ಯಾರು ಹ್ವಾದ್ರೂ, ದೇವದುರ್ಗದ ಮಂದಿ ಎಷ್ಟು ಹಿಂದ ಅದಾರ ಅಂತ ಕೇಳತಿದ್ಲು.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಂಗ ಮಾತಾಡಾಕ ಬರತದ, ಓದಾಕ ಬರೂದಿಲ್ಲ. ನನ್ನ ಮಕ್ಕಳಿಗಿ ಮಾತಾಡಾಕೂ ಬರೂದಿಲ್ಲ. ಅವ್ವ ಇರೂತನಕ ಸರಿ. ಆಮ್ಯಾಲೆ ನಾವ್ಯಾರೋ, ನೀವ್ಯಾರೋ.”

ನನ್ನ ಬಳಿ ಉತ್ತರವಿರಲಿಲ್ಲ. ಇಬ್ಬರೂ ಎದ್ದು ಮೆಟ್ಟಿಲು ಹತ್ತಿದೆವು. ಆ ಏರಿನಲ್ಲಿ ಮಾತಾಡಲು ಯಾರಿಗೂ ಉಸಿರು ಉಳಿಯುವುದಿಲ್ಲ. ಅದೂ ಒಂದು ಅನುಕೂಲ. ಸಂಜೆಗೆ ಕೈಲಾಸದ್ವಾರ ದಾಟಿ ಹಾಟಕೇಶ್ವರದ ದಾರಿ ಹಿಡಿದಾಗ ಮೇಲೆ ಬಂದ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಮರುದಿನ ಪಾತಾಳಗಂಗೆಗೆ ಇಳಿದೆವು. ಅಲ್ಲಿ ನಿಂತಾಗ ನನಗೆ ಹೊಳೆದ ಒಂದು ಸಂಗತಿ ಭೂಗೋಳದ್ದು, ಭಕ್ತಿಯದಲ್ಲ. ಪಾತಾಳಗಂಗೆ ಎಂದರೆ ಕೃಷ್ಣೆಯೇ. ತುಂಗಭದ್ರೆ ಹಿಂದೆಯೇ ಅದನ್ನು ಕೂಡಿಕೊಂಡಿದೆ. ದೇವದುರ್ಗದ ಮಗ್ಗುಲಲ್ಲಿ ಹರಿದ ನೀರೂ ಮಾನ್ವಿಯ ಮಗ್ಗುಲಲ್ಲಿ ಹರಿದ ನೀರೂ, ಯಾವುದು ಯಾವುದೆಂದು ತಿಳಿಯದಂತೆ ಬೆರೆತು, ನಮಗಿಂತ ಮೊದಲೇ ಪರ್ವತ ಮುಟ್ಟಿದ್ದವು.

ಈಗ ದಾರಿ ಬಹಳ ಬದಲಾಗಿದೆ. ಶ್ರೀಶೈಲದ ಅಣೆಕಟ್ಟಿನ ನೀರು ಹಿಂದಕ್ಕೆ ಹರಡಿ ಎರಡು ಹೊಳೆಗಳ ಸಂಗಮದ ಹಳೆಯ ಜಾಗಗಳು 1980ರ ದಶಕದ ಆರಂಭಕ್ಕೆ ಮುಳುಗಿದವು. ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. 1983ರಲ್ಲಿ ನಲ್ಲಮಲದ ಅಡವಿ ಹುಲಿ ರಕ್ಷಿತಾರಣ್ಯವಾಯಿತು; ಇಂದು ಕಾಲುದಾರಿ ತೆರೆಯುವುದು ಶಿವರಾತ್ರಿ, ಯುಗಾದಿಗಳ ಆಸುಪಾಸಿನ ಕೆಲವು ದಿನ ಮಾತ್ರ. ಇದಕ್ಕೆ ಗೊಣಗುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಯಾತ್ರೆ 19ನೆಯ ಶತಮಾನದಲ್ಲಿ ಕಾಡಿನ ಮೇಲೆ ಬೀಳಿಸಿದ ಭಾರವೇ ಬೇರೆ, ಇಂದು ಲಕ್ಷಗಟ್ಟಲೆ ಜನ ಪ್ಲಾಸ್ಟಿಕ್ ಬಾಟಲಿ ಹಿಡಿದು ಹೋಗುವಾಗಿನ ಭಾರವೇ ಬೇರೆ. ವರ್ಷದ ಉಳಿದ ದಿನ ಹುಲಿಗೂ ಚೆಂಚರಿಗೂ ಅಡವಿ ಸಿಗಲಿ. ಬಸ್ಸು, ಜೀಪುಗಳಲ್ಲಿ ಹೋಗುವವರೇ ಈಗ ಹೆಚ್ಚು. ಆದರೆ ನಡೆಯುವವರೂ ಕಡಿಮೆಯಾಗಿಲ್ಲ. ಅವರಲ್ಲಿ ಹುಡುಗರೇ ಬಹಳ.

2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು. ಅಂದಿನಿಂದ ರಾಯಚೂರಿನ ಯಾತ್ರಿಕ ಮೂರು ರಾಜ್ಯಗಳಲ್ಲಿ ನಡೆಯುತ್ತಾನೆ: ರಾಯಚೂರು ಕರ್ನಾಟಕ, ಆಲಂಪುರ ತೆಲಂಗಾಣ, ಕರ್ನೂಲಿನಿಂದ ಮುಂದೆ ಆಂಧ್ರ. 1853ರಲ್ಲಿ ನಿಜಾಮ ಸಾಲಕ್ಕಾಗಿ ಈ ದೋಆಬನ್ನು ಇಂಗ್ಲಿಷರ ವಶಕ್ಕೆ ಬಿಟ್ಟುಕೊಟ್ಟಿದ್ದ, 1860ರಲ್ಲಿ ಅದು ಹಿಂದಕ್ಕೆ ಬಂತು. ಆಮೇಲೆ 1948, 1953, 1956, 2014. ನೂರಾ ಅರವತ್ತು ವರ್ಷಗಳಲ್ಲಿ ಎಷ್ಟು ಸಲ ಈ ದಾರಿಯ ಕೆಳಗಿನ ನಕ್ಷೆ ಬದಲಾಯಿತು! ಪ್ರತಿ ಬದಲಾವಣೆಗೂ ಒಂದೊಂದು ಆಜ್ಞೆ, ಒಂದೊಂದು ಕಾಯಿದೆ ಇದೆ. ದಾರಿಯನ್ನು ಉಳಿಸಿಕೊಂಡು ಬರಬೇಕೆಂದು ಮಾತ್ರ ಯಾವ ಆಜ್ಞೆಯೂ ಹೊರಟಿಲ್ಲ. ಅದು ಉಳಿದದ್ದು ಪ್ರತಿ ವರ್ಷ ಯಾರೋ ನಡೆದದ್ದರಿಂದ, ಯಾರೋ ನೀರು ಕೊಟ್ಟದ್ದರಿಂದ.

ಚರಿತ್ರೆಯಿಂದ ಹಕ್ಕು ಸಾಧಿಸುವವರು ನಮ್ಮಲ್ಲಿ ಬಹಳ. ಆಲಂಪುರ ನಮ್ಮದಾಗಿತ್ತು, ಶ್ರೀಶೈಲದಲ್ಲಿ ನಮ್ಮ ಶಾಸನವಿದೆ ಎಂದು ಭಾಷಣ ಮಾಡುವುದು ಸುಲಭ. ಈ ದಾರಿಯವರು ಹಾಗೆ ಕೇಳಿದವರಲ್ಲ. ಮಗಳನ್ನು ಕೊಟ್ಟವರು ಬೀಗರ ಮನೆ ನಮ್ಮದು ಎನ್ನುವುದಿಲ್ಲ. ಅಲ್ಲಿ ನಮ್ಮವರಿದ್ದಾರೆ ಎನ್ನುತ್ತಾರೆ. ಈ ಎರಡು ಮಾತಿನ ನಡುವಿನ ಅಂತರ ದೊಡ್ಡದು. ಮೊದಲನೆಯದಕ್ಕೆ ಕಾಗದಪತ್ರ ಸಾಕು. ಎರಡನೆಯದಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗಿಬರಬೇಕು.

ನಮ್ಮ ಅತ್ತಿ ಈಗಿಲ್ಲ. ಅವಳ ಮಗ ಭೀಮುನಿ ಕೊಲನಿನಲ್ಲಿ ಹೇಳಿದ್ದು ಮುಕ್ಕಾಲು ಪಾಲು ನಿಜವಾಯಿತು. ಅವನ ಮೊಮ್ಮಕ್ಕಳಿಗೆ ಕನ್ನಡ ಬಾರದು, ನಮ್ಮವರಿಗೆ ತೆಲುಗು ಬಾರದು. ಮೊಬೈಲಿನಲ್ಲಿ ಹಬ್ಬದ ಚಿತ್ರ ಕಳಿಸುತ್ತಾರೆ, ಮಾತು ಕಡಿಮೆ. ಕಾಲು ಭಾಗ ಮಾತ್ರ ಸುಳ್ಳಾಯಿತು. ಯುಗಾದಿಗೆ ಇಪ್ಪತ್ತು ದಿನ ಮೊದಲು ನಮ್ಮ ಮನೆಯಲ್ಲಿ ಇಂದಿಗೂ ಎರಡು ಸೀರೆ ಬರುತ್ತವೆ. ಅಂಗಡಿಯವನು ಎರಡು ಯಾಕೆ ಎಂದು ಕೇಳುವುದಿಲ್ಲ. ಅವನ ಅಪ್ಪನೂ ಆಯಿಗೆ ಎರಡೇ ಕೊಡುತ್ತಿದ್ದ. ನಡೆದು ಹೋಗುವ ಹುಡುಗರ ಕೈಯಲ್ಲಿ ಒಂದು ಅತ್ತಿಯ ಸೊಸೆಗೆ ಸೇರುತ್ತದೆ, ಇನ್ನೊಂದು ಬೆಟ್ಟ ಹತ್ತುತ್ತದೆ. ಆ ಮನೆಯ ಪಡಸಾಲೆಯಲ್ಲಿ ನಮ್ಮ ಊರವರಿಗೆ ಒಂದು ರಾತ್ರಿಯ ಜಾಗ, ರೊಟ್ಟಿ, ಶೇಂಗಾ ಹಿಂಡಿ, ಕಾಲಿಗೆ ಹಚ್ಚಿಕೊಳ್ಳಲು ಬಿಸಿ ಎಣ್ಣೆ ಸಿದ್ಧವಿರುತ್ತವೆ. ಮಾತು ಬಾರದ ಮಕ್ಕಳು ಎಣ್ಣೆಯ ಬಟ್ಟಲನ್ನು ತಂದಿಟ್ಟು ಸುಮ್ಮನೆ ನಗುತ್ತಾರಂತೆ.